ಶರಣು, ದಾಸ, ಕುಡುಕ: ಕಾರ್ಮಿಕನ ಸಾವನ್ನು ನಾವು ಓದುವ ಬಗೆ

ದಿನಪತ್ರಿಕೆಗಳ ಒಳಪುಟದಲ್ಲಿ ಒಂದು ಕಾಲಂ ಅಗಲದ ಸುದ್ದಿಯೊಂದು ಆಗಾಗ ಕಾಣಿಸಿಕೊಳ್ಳುತ್ತದೆ. ಸ್ಥಳ ಯಶವಂತಪುರವಿರಬಹುದು, ಹೆಬ್ಬಾಳವಿರಬಹುದು, ಯಲಹಂಕವೋ ಆರ್.ಟಿ. ನಗರವೋ ಇರಬಹುದು. ಸತ್ತವನು ಗಾರೆ ಕೆಲಸದವನು, ಹಮಾಲಿ, ಪೇಂಟರ್, ಆಟೋ ಚಾಲಕ, ಯಾರೂ ಆಗಿರಬಹುದು. ಹೆಸರು ಮತ್ತು ವಯಸ್ಸು ಬದಲಾಗುತ್ತವೆ, ವಾಕ್ಯ ಬದಲಾಗುವುದಿಲ್ಲ. ಕುಡಿತದ ದಾಸನಾಗಿದ್ದ ಈತ ಜೀವನದಲ್ಲಿ ಜಿಗುಪ್ಸೆಗೊಂಡು ಆತ್ಮಹತ್ಯೆಗೆ ಶರಣಾಗಿದ್ದಾನೆ. ಪೊಲೀಸರು ಪ್ರಕರಣ ದಾಖಲಿಸಿಕೊಂಡಿದ್ದಾರೆ. ಅಲ್ಲಿಗೆ ಸುದ್ದಿಯೂ ಮುಗಿಯಿತು, ಆ ಮನುಷ್ಯನ ಕಥೆಯೂ ಮುಗಿಯಿತು.

ಈ ವಾಕ್ಯವನ್ನು ಒಮ್ಮೆ ನಿಧಾನವಾಗಿ ಓದಬೇಕು. ಕನ್ನಡದಲ್ಲಿ 'ದಾಸ' ಮತ್ತು 'ಶರಣು' ಸಾಮಾನ್ಯ ಪದಗಳಲ್ಲ. ಒಂದು ಕನಕ, ಪುರಂದರರ ಪರಂಪರೆಯಿಂದ ಬಂದದ್ದು. ಇನ್ನೊಂದು ಹನ್ನೆರಡನೇ ಶತಮಾನದ ಕಲ್ಯಾಣದಿಂದ ಬಂದದ್ದು. ದೇವರೆದುರು ತನ್ನನ್ನು ಒಪ್ಪಿಸಿಕೊಳ್ಳುವವನು ದಾಸ. ಆಶ್ರಯ ಸಿಕ್ಕಿತೆಂದು ತಲೆಬಾಗುವವನು ಶರಣ. ಈ ಎರಡು ಪದಗಳನ್ನು ನಮ್ಮ ಪತ್ರಿಕಾಭಾಷೆ ಬಾಟಲಿಗೂ ಸಾವಿಗೂ ಅಂಟಿಸಿಬಿಟ್ಟಿದೆ. ಮೊದಲ ಪದದಲ್ಲಿ ಅವನೇ ಇಷ್ಟಪಟ್ಟು ಕುಡಿತಕ್ಕೆ ಒಪ್ಪಿಸಿಕೊಂಡ ಎಂಬ ತೀರ್ಪಿದೆ. ಎರಡನೆಯದರಲ್ಲಿ ಸಾವೇ ಅವನಿಗೆ ಸಿಕ್ಕ ಆಶ್ರಯ ಎಂಬ ಸೂಚನೆಯಿದೆ. ನಡುವಿನ 'ಜಿಗುಪ್ಸೆ'ಯಂತೂ ಯಾವ ಪ್ರಶ್ನೆಯನ್ನೂ ಒಳಗೆ ಬಿಡದ ಬಾಗಿಲು. ಯಾಕೆ ಜಿಗುಪ್ಸೆ? ಯಾವಾಗಿನಿಂದ? ಕೂಲಿ ಸಿಕ್ಕಿತ್ತೇ? ಸಾಲವಿತ್ತೇ? ವೈದ್ಯರನ್ನು ಕಂಡಿದ್ದನೇ? ಈ ಮೊದಲು ಸಾಯುವ ಮಾತಾಡಿದ್ದನೇ? ಆ ಒಂದು ಪದ ಬಂದಮೇಲೆ ಯಾರೂ ಕೇಳುವುದಿಲ್ಲ.

ಹೀಗೆ ಬರೆಯುವುದು ಅನಿವಾರ್ಯವೇನಲ್ಲ. 2019ರ ಜುಲೈಯಲ್ಲಿ ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ ತೀರಿಕೊಂಡಾಗ ಇದೇ ಪತ್ರಿಕೆಗಳು ಸಾಲದ ಬಗ್ಗೆ, ತೆರಿಗೆ ಇಲಾಖೆಯ ಬಗ್ಗೆ, ಉದ್ಯಮಿಗಳ ಮೇಲಿನ ಒತ್ತಡದ ಬಗ್ಗೆ ದಿನಗಟ್ಟಲೆ ಬರೆದವು. ಅದು ಸರಿಯಾದದ್ದೇ. ಒಬ್ಬ ಮನುಷ್ಯ ಇಲ್ಲವಾದಾಗ ಅವನ ಸುತ್ತಲಿನ ವ್ಯವಸ್ಥೆಯನ್ನು ಪ್ರಶ್ನಿಸಬೇಕು. ಆದರೆ ಆ ಮರ್ಯಾದೆ ಗಾರೆ ಕೆಲಸದವನಿಗೆ ಯಾಕಿಲ್ಲ? ಉದ್ಯಮಿಯ ಸಾವಿಗೆ ಕಾರಣಗಳಿರುತ್ತವೆ, ಕೂಲಿಯವನ ಸಾವಿಗೆ ಚಟ ಮಾತ್ರ ಇರುತ್ತದೆ. ಭಾರತೀಯ ಪತ್ರಿಕಾ ಮಂಡಳಿ ಆತ್ಮಹತ್ಯೆಯ ವರದಿಗಾರಿಕೆ ಕುರಿತು 2019ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿಯನ್ನು ಅಂಗೀಕರಿಸಿತು. ಸುದ್ದಿಯನ್ನು ರೋಚಕಗೊಳಿಸಬಾರದು, ಸತ್ತ ಬಗೆಯನ್ನು ವಿವರಿಸಬಾರದು, ಸಾವನ್ನು ಸಮಸ್ಯೆಗೆ ಪರಿಹಾರವೆಂಬಂತೆ ಬಿಂಬಿಸಬಾರದು ಎಂಬುದು ಅದರ ಸಾರ. 'ಶರಣು' ಎಂಬ ಪದ ಈ ಕೊನೆಯ ಸೂಚನೆಯನ್ನು ಪ್ರತಿ ಸಲವೂ ಮುರಿಯುತ್ತದೆ.

ರತ್ನನಿಂದ ದೇವದಾಸನವರೆಗೆ

ಪತ್ರಿಕೆಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಕುಡಿಯುವವನ ಚಿತ್ರವೊಂದನ್ನು ನಮ್ಮ ಸಾಹಿತ್ಯ ಮತ್ತು ಸಿನಿಮಾ ಬಹಳ ಹಿಂದೆಯೇ ನಮ್ಮ ಮನಸ್ಸಿನಲ್ಲಿ ಬರೆದಿಟ್ಟಿವೆ.

ಕನ್ನಡಿಗರು ಅತ್ಯಂತ ಪ್ರೀತಿಸಿದ ಕುಡುಕ ಜಿ.ಪಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನ. ಸ್ವತಃ ಕುಡಿಯದ ಮೇಷ್ಟ್ರೊಬ್ಬರು ಬಡವನೊಬ್ಬನ ಬಾಯಿಯ ಕನ್ನಡವನ್ನು ಕಾವ್ಯದ ಪೀಠದಲ್ಲಿ ಕೂರಿಸಿದ್ದು 'ರತ್ನನ ಪದಗಳು' ಕೃತಿಯ ದೊಡ್ಡ ಸಾಧನೆ. ಶಿಷ್ಟರು ಅಸಹ್ಯಪಡುತ್ತಿದ್ದ ಮನುಷ್ಯನಿಗೆ ಅದು ಘನತೆ ಕೊಟ್ಟಿತು. ರತ್ನನಿಗೆ ಪ್ರೀತಿಯಿದೆ, ನಾಡಿನ ಅಭಿಮಾನವಿದೆ, ದೇವರೊಂದಿಗೂ ವಾದ ಮಾಡುವ ಧೈರ್ಯವಿದೆ. ಮೈಸೂರು ಅನಂತಸ್ವಾಮಿಯವರ ದನಿಯಲ್ಲಿ ಅವನು ಕನ್ನಡದ ಮನೆಮನೆಗೂ ಬಂದ. ಆದರೆ ರತ್ನನನ್ನು ನಾವು ಬಳಸಿಕೊಂಡ ರೀತಿಯನ್ನು ನೋಡಬೇಕು. ನವೆಂಬರ್ ತಿಂಗಳ ವೇದಿಕೆಗಳಲ್ಲಿ ಅವನು ನಾಡಪ್ರೇಮದ ಹಾಡುಗಾರ. ಅವನ ಕೈ ನಡುಗುವುದನ್ನು, ಅವನ ಮನೆಯ ಒಲೆ ಆರಿರುವುದನ್ನು ನೆನೆಯುವವರಿಲ್ಲ. ಹಾಡಿನ ರತ್ನನಿಗೆ ಚಪ್ಪಾಳೆ ತಟ್ಟಿ ಮನೆಗೆ ಹೊರಟವರು, ಬಸ್‌ಸ್ಟಾಪಿನಲ್ಲಿ ಬಿದ್ದಿರುವ ರತ್ನನನ್ನು ದಾಟಿಕೊಂಡು ಹೋಗುತ್ತಾರೆ.

ಇನ್ನೊಬ್ಬ ದೇವದಾಸ. ಶರಚ್ಚಂದ್ರರ ಕಾದಂಬರಿ 1917ರದು. ಆ ಹೆಸರು ಕನ್ನಡದಲ್ಲಿ ಈಗ ಒಂದು ನಾಮಪದವೇ ಆಗಿದೆ. ಗಡ್ಡ ಬಿಟ್ಟವರೆಲ್ಲ ದೇವದಾಸರು. 2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ'ಯಲ್ಲಿ ನಾಯಕನ ಜೊತೆಗಿನ ಮೊಲಕ್ಕೂ ಅದೇ ಹೆಸರು. ಮೂಲದ ದೇವದಾಸ ಜಮೀನ್ದಾರನ ಮಗ. ಒಂದು ದಿನವೂ ಕೂಲಿಗೆ ಹೋದವನಲ್ಲ. ಪ್ರೇಮಭಂಗಕ್ಕೆ ಕುಡಿದು ತನ್ನನ್ನು ತಾನೇ ನಿಧಾನವಾಗಿ ಕೊಂದುಕೊಳ್ಳುವ ಅವನ ಕಥೆಯನ್ನು ನಾವು ಮಹಾ ಪ್ರೇಮದ ಗುರುತೆಂದು ತಿಳಿದೆವು. ಕುಡಿತ ಮತ್ತು ಸಾವಿನ ನಂಟನ್ನು ಜನಪ್ರಿಯ ಸಂಸ್ಕೃತಿ ಗುರುತಿಸಿಲ್ಲವೆಂದಲ್ಲ. ಗುರುತಿಸಿ ಅದಕ್ಕೆ ಹಾಡು ಕಟ್ಟಿದೆ.

ಮೂರನೆಯ ಮಾದರಿ 'ಜೀವನ ಚೈತ್ರ'. 1992ರಲ್ಲಿ ಬಂದ ಈ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಹಳ್ಳಿಯ ಹಿರಿಯನಾಗಿ ಮದ್ಯದ ವಿರುದ್ಧ ನಿಲ್ಲುತ್ತಾರೆ. ತೆರೆಯ ಮೇಲೆ ಕುಡಿಯದ ನಟನೆಂದೇ ಹೆಸರಾದ ಅವರ ಮಾತಿಗೆ ಹಳ್ಳಿಗಳಲ್ಲಿ ಬೆಲೆಯಿತ್ತು. ಅಂಥ ಚಿತ್ರಗಳ ಋಣವನ್ನು ಅಲ್ಲಗಳೆಯಲಾಗದು. ಆದರೆ ಅಲ್ಲಿಯೂ ಕುಡಿಯುವವನು ಒಬ್ಬ ಧೀರೋದಾತ್ತನ ಗದರಿಕೆಗೆ ಕಾಯುವ ದುರ್ಬಲ. ಅಂಗಡಿ ಮುಚ್ಚಿಸಿದರೆ ಅವನು ಸರಿಹೋಗುತ್ತಾನೆಂಬ ನಂಬಿಕೆ ಅದರಡಿ ಇದೆ.

ಹಾಡುವ ಮುಗ್ಧ, ಸಾಯುವ ಪ್ರೇಮಿ, ತಿದ್ದಬೇಕಾದ ದಾರಿತಪ್ಪಿದವ. ಈ ಮೂವರಲ್ಲಿ ಯಾರೂ ರೋಗಿಯಲ್ಲ. ಹಗಲಿಡೀ ದುಡಿದು ಬಂದ ಕಾರ್ಮಿಕನ ಮೈನೋವು ಯಾರಿಗೂ ಇಲ್ಲ.

ಅಧ್ಯಯನಗಳು ಹೇಳಿದ್ದು

ನಮ್ಮ ನಗರದಲ್ಲೇ ಇರುವ ನಿಮ್ಹಾನ್ಸ್ ಈ ಪ್ರಶ್ನೆಯನ್ನು ಬೇರೆ ರೀತಿ ಕೇಳಿತು. ಡಾ. ಜಿ. ಗುರುರಾಜ್ ಮತ್ತು ಸಹೋದ್ಯೋಗಿಗಳು ಬೆಂಗಳೂರಿನಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವು ಆತ್ಮಹತ್ಯೆಯಿಂದ ತೀರಿಕೊಂಡ 269 ಮಂದಿಯ ಬದುಕನ್ನು ಅಷ್ಟೇ ಸಂಖ್ಯೆಯ ಇತರರ ಬದುಕಿನೊಂದಿಗೆ ಹೋಲಿಸಿತು. ಈ ಹಿಂದೆ ಪ್ರಯತ್ನ ಮಾಡಿದ್ದು, ಮನೆಯೊಳಗಿನ ತೀವ್ರ ಕಲಹ, ಸ್ವಂತ ಕುಡಿತ, ಮಾನಸಿಕ ಕಾಯಿಲೆ, ಹಠಾತ್ ಆರ್ಥಿಕ ಕುಸಿತ, ಕೌಟುಂಬಿಕ ಹಿಂಸೆ, ನಿರುದ್ಯೋಗ ಇವು ಎದ್ದು ಕಂಡ ಅಂಶಗಳು. ಹೋಲಿಕೆಯ ಅನುಪಾತದಲ್ಲಿ ಕುಡಿತದ ತೂಕ 23ರಷ್ಟಿತ್ತು, ನಿರುದ್ಯೋಗದ್ದು 6. ಕುಡಿಯುವವರೆಲ್ಲ ಸಾಯುತ್ತಾರೆಂದು ಇದರ ಅರ್ಥವಲ್ಲ. ಈ ಅಂಶಗಳು ಒಂದರ ಮೇಲೊಂದು ಬಿದ್ದಾಗ ಅಪಾಯ ಹೆಚ್ಚುತ್ತದೆ ಎಂಬುದೇ ಅಧ್ಯಯನದ ಮುಖ್ಯ ಮಾತು.

ಈ ನಂಟು ಎರಡೂ ಕಡೆಯಿಂದ ಕೆಲಸ ಮಾಡುತ್ತದೆ. ಖಿನ್ನತೆಯಿರುವವನು ನಿದ್ದೆಗಾಗಿ ಕುಡಿಯುತ್ತಾನೆ, ಕುಡಿತ ಖಿನ್ನತೆಯನ್ನು ಆಳವಾಗಿಸುತ್ತದೆ. ಕುಡಿತದಿಂದ ಕೆಲಸ ಹೋಗುತ್ತದೆ, ಕೆಲಸ ಹೋದದ್ದಕ್ಕೆ ಇನ್ನಷ್ಟು ಕುಡಿಯುತ್ತಾನೆ. ಮದ್ಯ ತಲೆಗೇರಿದಾಗ ಯೋಚನೆ ಕಿರಿದಾಗುತ್ತದೆ, ನಾಳೆ ಎಂಬುದು ಕಾಣುವುದಿಲ್ಲ, ಎಚ್ಚರದಲ್ಲಿದ್ದರೆ ತಡೆಯುತ್ತಿದ್ದ ಕೈ ಆಗ ತಡೆಯುವುದಿಲ್ಲ. ಅಂಥ ಅನೇಕ ಸಾವುಗಳ ಹಿಂದೆ ವರ್ಷಗಳ ದುಃಖವಿದ್ದರೂ ಕೊನೆಯ ನಿರ್ಧಾರ ಕೆಲವೇ ನಿಮಿಷಗಳದ್ದು. ಆ ನಿಮಿಷಗಳು ಕಳೆದರೆ ಮನುಷ್ಯ ಉಳಿಯಬಲ್ಲ.

ಸರಕಾರಿ ಲೆಕ್ಕ ಇದನ್ನೆಲ್ಲ ಒಂದೊಂದು ಕಾಲಂಗೆ ಹಂಚಿಬಿಡುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ ಶೇ. 26.4ರಷ್ಟು ಮಂದಿ ದಿನಗೂಲಿಗಳು, ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು. ಕಾರಣಗಳ ಪಟ್ಟಿಯಲ್ಲಿ ಕೌಟುಂಬಿಕ ಸಮಸ್ಯೆಗೆ ಶೇ. 31.7, ಕಾಯಿಲೆಗೆ ಶೇ. 18.4, ಮಾದಕ ವಸ್ತು ಮತ್ತು ಮದ್ಯವ್ಯಸನಕ್ಕೆ ಶೇ. 6.8. ಠಾಣೆಯ ನಮೂನೆ ಒಂದು ಸಾವಿಗೆ ಒಂದು ಕಾರಣ ಕೇಳುತ್ತದೆ. ಆದರೆ ಕುಡಿದು ಜಗಳವಾಡಿ, ಪಿತ್ತಕೋಶ ಹಾಳಾಗಿ, ಸಾಲ ಏರಿ ಸತ್ತವನನ್ನು ಯಾವ ಕಾಲಂನಲ್ಲಿ ಬರೆಯುವುದು? ಪತ್ರಿಕೆ ಎಲ್ಲವನ್ನೂ ಚಟಕ್ಕೆ ಇಳಿಸುತ್ತದೆ, ಅಂಕಿಅಂಶ ಚಟವನ್ನು ಶೇ. 6.8ಕ್ಕೆ ಇಳಿಸುತ್ತದೆ. ಎರಡೂ ಕಡೆ ತಪ್ಪಿಹೋಗುವುದು ಇವುಗಳ ನಡುವಿನ ಕೊಂಡಿ.

ಉತ್ತರ ಬೆಂಗಳೂರಿನ ಒಂದು ದಿನ

ಆ ಕೊಂಡಿಯನ್ನು ಕಾಣಲು ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಮೂಟೆ ಹೊರುವವನ ದಿನವನ್ನು ಗಮನಿಸಬೇಕು. ನಸುಕಿನಲ್ಲಿ ಲಾರಿ ಬರುತ್ತದೆ. ಬೆನ್ನಿನ ನೋವಿಗೆ ರಜೆಯಿಲ್ಲ, ನೋವು ಮರೆಸಲು ಅತಿ ಹತ್ತಿರದಲ್ಲಿ, ಸುಲಭವಾಗಿ ಸಿಗುವ ಔಷಧ ಕ್ವಾರ್ಟರ್ ಬಾಟಲಿ. ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದಮೇಲೆ ಹೆಬ್ಬಾಳದಿಂದ ಯಲಹಂಕದಾಚೆಯವರೆಗೆ ಕಟ್ಟಡಗಳು ಎದ್ದವು. ಅವನ್ನು ಎಬ್ಬಿಸಿದವರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದವರಿದ್ದಾರೆ, ಬಿಹಾರ, ಒಡಿಶಾ, ಬಂಗಾಳದವರಿದ್ದಾರೆ. ತಗಡಿನ ಶೆಡ್ಡಿನಲ್ಲಿ ವಾಸ, ಮೇಸ್ತ್ರಿಯ ಬಳಿ ಮುಂಗಡದ ಸಾಲ, ವಾರದ ಬಟವಾಡೆ. ಹೆಂಡತಿ ಮಕ್ಕಳು ಊರಲ್ಲಿ. ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಆರ್ಡರ್ ನಿಂತರೆ ಮೊದಲು ಮನೆಗೆ ಹೋಗುವವನು ಗುತ್ತಿಗೆಯವನು. ಸಂಜೆ ಕೂರಲು ಪಾರ್ಕಿಲ್ಲ, ಮಾತಾಡಲು ನೆರೆಯವರಿಲ್ಲ. ಬಾಗಿಲು ತೆರೆದು ಬಾ ಎನ್ನುವುದು ವೈನ್ ಶಾಪ್ ಒಂದೇ.

2020ರ ಲಾಕ್‌ಡೌನ್‌ನಲ್ಲಿ ಅದೂ ಹಠಾತ್ತನೆ ಮುಚ್ಚಿತು. ಮೇ 4ರಂದು ರಾಜ್ಯದಲ್ಲಿ ಅಂಗಡಿಗಳು ಮತ್ತೆ ತೆರೆದಾಗ ಕಂಡ ಸರದಿಗಳನ್ನು ನೋಡಿ ನಾವು ನಕ್ಕೆವು, ಮೊಬೈಲ್‌ನಲ್ಲಿ ಹಂಚಿಕೊಂಡೆವು. ಆ ವಾರಗಳಲ್ಲಿ ಮದ್ಯ ಸಿಗದೆ ಗಂಭೀರ ಸ್ಥಿತಿಗೆ ತಲುಪಿ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಏರಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವವೇ ಹೋಗಬಹುದು. ಹಾಗಾಗಿ ಮನೆಯಲ್ಲಿ ಕೂಡಿಹಾಕಿ ಬಿಡಿಸುವುದು, ಆಣೆ ಹಾಕಿಸುವುದು, ಗೊತ್ತಿಲ್ಲದಂತೆ ಊಟದಲ್ಲಿ ಪುಡಿ ಬೆರೆಸಿ ಕೊಡುವುದು ಇವೆಲ್ಲ ಅಪಾಯದ ಕೆಲಸಗಳು. ಗೋಡೆಗಳ ಮೇಲೆ ಆ ಪುಡಿಯ ಜಾಹೀರಾತು ಕಾಣುತ್ತದೆ, ವೈದ್ಯರನ್ನು ಕಾಣಿರಿ ಎಂಬ ಫಲಕ ಕಾಣುವುದಿಲ್ಲ. ಕೇಂದ್ರ ಸರಕಾರಕ್ಕಾಗಿ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಾವಲಂಬಿಗಳಲ್ಲಿ 38ಕ್ಕೆ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ.

ಖಜಾನೆಯ ಪಾಲು

ಸಂವಿಧಾನದ 47ನೇ ವಿಧಿ ಮದ್ಯನಿಷೇಧಕ್ಕೆ ಪ್ರಯತ್ನಿಸುವಂತೆ ಸರಕಾರಕ್ಕೆ ಹೇಳುತ್ತದೆ. 2025ರ ಮಾರ್ಚ್‌ನಲ್ಲಿ ಮಂಡನೆಯಾದ ರಾಜ್ಯ ಬಜೆಟ್ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹದ ಗುರಿ ಇಟ್ಟಿತು. ಗುರಿ ಎಂಬ ಪದವನ್ನು ಗಮನಿಸಿ. ಇಷ್ಟು ಕುಡಿಸಲೇಬೇಕು ಎಂಬುದಕ್ಕೆ ಅದು ಆಡಳಿತದ ಭಾಷೆ. ಸಗಟು ವ್ಯಾಪಾರ ಸರಕಾರದ ಪಾನೀಯ ನಿಗಮದ್ದು, ಚಿಲ್ಲರೆಯಲ್ಲಿ ಸರಕಾರದ್ದೇ ಎಂಎಸ್‌ಐಎಲ್ ಮಳಿಗೆಗಳಿವೆ. ಗೃಹಲಕ್ಷ್ಮಿ ಯೋಜನೆಯಲ್ಲಿ ಹೆಂಡತಿಯ ಖಾತೆಗೆ ಬರುವ 2,000 ರೂಪಾಯಿ ಗಂಡನ ಜೇಬಿನಿಂದ ಎಷ್ಟು ದಿನದಲ್ಲಿ ವಾಪಸು ಹೋಗುತ್ತದೆಂದು ಯಾವುದೇ ಶೆಡ್ಡಿನ ಹೆಂಗಸನ್ನು ಕೇಳಿದರೆ ಲೆಕ್ಕ ಹೇಳುತ್ತಾಳೆ.

ಹಾಗಾದರೆ ನಿಷೇಧವೇ ಉತ್ತರವೇ? 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಹೋಯಿತು, ಅಗ್ಗದ ವಿಸ್ಕಿ, ರಮ್ಮು ಅದರ ಜಾಗಕ್ಕೆ ಬಂದವು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಪಕ್ಕದ ಕೃಷ್ಣಗಿರಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಅಂಗಡಿ ಮುಚ್ಚಿ ಆಸ್ಪತ್ರೆ ತೆರೆಯದಿದ್ದರೆ ಏನಾಗುತ್ತದೆಂದು ಅದು ತೋರಿಸಿತು. ದಲಿತ ಸಂಘರ್ಷ ಸಮಿತಿ ಹಿಂದೆಯೇ 'ಹೆಂಡ ಬೇಡ, ವಸತಿ ಶಾಲೆ ಬೇಕು' ಎಂಬ ಘೋಷಣೆ ಕೊಟ್ಟಿತ್ತು. ಒಂದನ್ನು ಬೇಡವೆಂದದ್ದರ ಜೊತೆಗೇ ಇನ್ನೊಂದನ್ನು ಕೊಡಿ ಎಂದು ಕೇಳಿದ ವಿವೇಕ ಅದರಲ್ಲಿತ್ತು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದುಬಂದ ಮಹಿಳೆಯರು ಕುಡಿಯುವವನ ಮನೆಯಲ್ಲಿ ಬದುಕುವವರ ಮಾತನ್ನು ಆಡಿದರು. ಕುಡಿತದ ಮನೆಯಲ್ಲಿ ಸಾವಿನ ಅಪಾಯ ಕುಡಿಯುವವನೊಬ್ಬನದಲ್ಲ. ಕೌಟುಂಬಿಕ ಹಿಂಸೆ ನಿಮ್ಹಾನ್ಸ್ ಪಟ್ಟಿಯಲ್ಲಿರುವುದು ಅದಕ್ಕೇ.

ನಮ್ಮ ಮೊಹಲ್ಲಾಗಳ ಮೌನ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಈ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ಸಮಾಧಾನವಾಗಬಹುದು. ನಮ್ಮಲ್ಲಿ ಮದ್ಯ ಹರಾಮ್, ಇದು ಬೇರೆಯವರ ಸಮಸ್ಯೆ ಎಂಬ ಸಮಾಧಾನ. ಆದರೆ ಹರಾಮ್ ಎಂದ ಮಾತ್ರಕ್ಕೆ ವೆಲ್ಡರ್, ಸೆಂಟ್ರಿಂಗ್ ಕೆಲಸದ, ಗುಜರಿ ಅಂಗಡಿಯ ನಮ್ಮ ಹುಡುಗರು ಬೇರೆ ಲೋಕದಲ್ಲಿ ದುಡಿಯುವುದಿಲ್ಲ. ಅವರದೂ ಅದೇ ಬೆನ್ನು, ಅದೇ ಸಾಲ. ವ್ಯತ್ಯಾಸವೆಂದರೆ ಅವರು ಅಡಗಿ ಕುಡಿಯುತ್ತಾರೆ, ಮನೆಯವರು ಅಡಗಿಸಿಡುತ್ತಾರೆ. ಮಗಳ ಸಂಬಂಧ ಕೆಟ್ಟೀತೆಂಬ ಭಯಕ್ಕೆ ಡಾಕ್ಟರ ಬಳಿ ಹೋಗುವುದೂ ತಪ್ಪುತ್ತದೆ. ಗುಟ್ಟಾಗಿ ಬೆಳೆದ ಕಾಯಿಲೆ ಗುಟ್ಟಾಗಿಯೇ ಕೊಲ್ಲುತ್ತದೆ. ಆಗ ಅದು ಯಾವ ಅಂಕಿಅಂಶಕ್ಕೂ ಸಿಗುವುದಿಲ್ಲ.

ಪವಿತ್ರ ಕುರ್‌ಆನ್ ಮದ್ಯವನ್ನು ನಿಷೇಧಿಸಿದ ಕ್ರಮವೇ ನಮಗೆ ಪಾಠವಾಗಬೇಕಿತ್ತು. ಅಲ್ ಬಕರ ಅಧ್ಯಾಯದಲ್ಲಿ ಅದರ ಲಾಭಕ್ಕಿಂತ ಕೇಡು ದೊಡ್ಡದೆಂಬ ತಿಳಿವಳಿಕೆ ಬಂತು. ಅನ್ನಿಸಾ ಅಧ್ಯಾಯದಲ್ಲಿ ಅಮಲಿನಲ್ಲಿ ನಮಾಝಿಗೆ ಬರಬಾರದೆಂಬ ನಿರ್ಬಂಧ ಬಂತು. ಪೂರ್ಣ ನಿಷೇಧ ಬಂದದ್ದು ಅಲ್ ಮಾಇದ ಅಧ್ಯಾಯದಲ್ಲಿ. ಮನುಷ್ಯನ ದೌರ್ಬಲ್ಯವನ್ನು ಅರಿತ ಕ್ರಮವದು. ಅನ್ನಿಸಾ ಅಧ್ಯಾಯದಲ್ಲೇ ನಿಮ್ಮನ್ನು ನೀವು ಕೊಂದುಕೊಳ್ಳಬೇಡಿರೆಂಬ ಆಜ್ಞೆಯೂ ಇದೆ, ಆ ಸೂಕ್ತ ಕೊನೆಗೊಳ್ಳುವುದು ಅಲ್ಲಾಹನ ಕರುಣೆಯ ಪ್ರಸ್ತಾಪದಿಂದ. ನಾವು ಆಜ್ಞೆಯನ್ನು ಗಟ್ಟಿಯಾಗಿ ಹೇಳುತ್ತೇವೆ, ಕರುಣೆಯ ಭಾಗಕ್ಕೆ ಬರುವಾಗ ದನಿ ತಗ್ಗಿಸುತ್ತೇವೆ.

ಸಹೀಹ್ ಬುಖಾರಿಯಲ್ಲಿ ಒಂದು ಪ್ರಸಂಗವಿದೆ. ಕುಡಿದು ಮತ್ತೆ ಮತ್ತೆ ಶಿಕ್ಷೆಗೊಳಗಾದ ವ್ಯಕ್ತಿಯನ್ನು ಒಬ್ಬರು ಶಪಿಸಿದಾಗ ಪ್ರವಾದಿ(ಸ)ಯವರು ತಡೆದರು, ಅವನ ಮನಸ್ಸಿನಲ್ಲಿ ಅಲ್ಲಾಹನ ಮತ್ತು ಅವನ ದೂತರ ಪ್ರೀತಿಯಿದೆಯೆಂದು ಸಾಕ್ಷಿ ಹೇಳಿದರು. ಸಹೀಹ್ ಮುಸ್ಲಿಮಿನ ಇನ್ನೊಂದು ಪ್ರಸಂಗ ನಮ್ಮ ವಲಸೆ ಕಾರ್ಮಿಕರನ್ನು ನೆನಪಿಸುತ್ತದೆ. ತುಫೈಲ್ ಬಿನ್ ಅಮ್ರ್‌ರ ಜೊತೆ ಊರು ಬಿಟ್ಟು ಮದೀನಕ್ಕೆ ಬಂದವರೊಬ್ಬರು ಅಲ್ಲಿನ ಹವೆ ಒಗ್ಗದೆ ಕಾಯಿಲೆ ಬಿದ್ದು, ನೋವು ತಾಳದೆ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಪ್ರವಾದಿ(ಸ)ಯವರು ಅವರ ಕ್ಷಮೆಗಾಗಿ ಪ್ರಾರ್ಥಿಸಿದರು. ಆತ್ಮಹತ್ಯೆಯಿಂದ ಸತ್ತವರಿಗೂ ಜನಾಝ ನಮಾಝ್ ಸಲ್ಲಿಸಬೇಕೆಂಬುದೇ ಹನಫೀ ಮತ್ತು ಶಾಫಿಈ ಪಂಥಗಳ ಪ್ರಬಲ ಅಭಿಪ್ರಾಯ. ಕೃತ್ಯ ಪಾಪವೆಂಬುದು ಸಡಿಲಾಗಲಿಲ್ಲ, ಮನುಷ್ಯ ಕರುಣೆಯ ಹೊರಗೂ ಹೋಗಲಿಲ್ಲ. ಹೀಗಿರುವಾಗ ಬದುಕಿರುವವನನ್ನೇ ಜಮಾಅತ್ತಿನಿಂದ ದೂರವಿಡುವವರು ಯಾರ ಮಾದರಿಯನ್ನು ಪಾಲಿಸುತ್ತಿದ್ದಾರೆ?

ಕನ್ನಡ ಸಾಹಿತ್ಯದಲ್ಲಿ ಇದಕ್ಕೆ ಬೇರೆಯೇ ಒಂದು ಮಾದರಿಯಿದೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಸಂಕಲನಕ್ಕೆ ಹೆಸರು ಕೊಟ್ಟ 'ಎದೆಯ ಹಣತೆ' ಕಥೆಯ ಮೆಹರುನ್ ಕುಡಿತದ ಕಥೆಯವಳಲ್ಲ. ಗಂಡನಿಂದ ವಂಚಿತಳಾದ ಅವಳನ್ನು ತವರು ಮತ್ತೆ ಅದೇ ಮನೆಗೆ ಕಳುಹಿಸುತ್ತದೆ, ಮರ್ಯಾದೆ ಉಳಿಸಿಕೊಳ್ಳುತ್ತದೆ. ಸಾವಿನ ಅಂಚಿಗೆ ಬಂದ ಅವಳನ್ನು ತಡೆಯುವುದು ಹಿರಿಯ ಮಗಳು. ಕಥೆಗಾರ್ತಿ ಅವಳ ಸಂಕಟವನ್ನು 'ಜಿಗುಪ್ಸೆ' ಎಂಬ ಒಂದು ಪದದಲ್ಲಿ ಮುಗಿಸಲಿಲ್ಲ, ಯಾರು ಯಾರು ಅವಳನ್ನು ಅಲ್ಲಿಗೆ ತಳ್ಳಿದರೆಂದು ತೋರಿಸಿದರು. ಸಾವನ್ನು ಬಿಡುಗಡೆಯೆಂದೂ ಬಣ್ಣಿಸಲಿಲ್ಲ. ಹಿಡಿದು ನಿಲ್ಲಿಸುವ ಒಂದು ಕೈ ಇದ್ದರೆ ಆ ಗಳಿಗೆ ದಾಟುತ್ತದೆಂದು ಬರೆದರು. ನಮ್ಮ ವರದಿಗಾರರೂ ಸಿನಿಮಾದವರೂ ಈ ಕಥೆಯಿಂದ ಕಲಿಯಬೇಕಾದದ್ದಿದೆ.

ಬದಲಾಗಬೇಕಾದದ್ದು ಬಹಳವೇನಿಲ್ಲ. ವರದಿಗಾರರು 'ಶರಣು' ಬಿಟ್ಟು 'ಆತ್ಮಹತ್ಯೆಯಿಂದ ತೀರಿಕೊಂಡರು' ಎಂದು ಬರೆಯಬಹುದು, ಸುದ್ದಿಯ ಕೊನೆಗೆ ಸಹಾಯವಾಣಿಯ ಸಂಖ್ಯೆ ಹಾಕಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017 ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸುತ್ತದೆ. ಕೇಸಿನ ಭಯಕ್ಕೆ ಆಸ್ಪತ್ರೆ ತಪ್ಪಿಸಬೇಕಿಲ್ಲವೆಂದು ಜನರಿಗೆ ತಿಳಿಸಬೇಕು. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಏರ್ಪಾಡು ಒಳ್ಳೆಯದೇ. ಆದರೆ ಮಂಗಳವಾರ ಆಸ್ಪತ್ರೆಗೆ ಹೋದ ದಿನಗೂಲಿಗೆ ಆ ದಿನದ ಕೂಲಿಯಿಲ್ಲ. ಪೀಣ್ಯ, ಯಶವಂತಪುರ, ಯಲಹಂಕದಂಥ ಕಡೆ ಭಾನುವಾರ ಅಥವಾ ಸಂಜೆಯ ಕ್ಲಿನಿಕ್ ಬೇಕೆಂದು ಕಾರ್ಮಿಕ ಸಂಘಗಳು ಕೇಳಬೇಕು. 40,000 ಕೋಟಿಯ ಗುರಿಯಿಡುವ ಸರಕಾರಕ್ಕೆ ಅದು ದೊಡ್ಡ ಖರ್ಚಲ್ಲ.

ಮಸೀದಿ ಕಮಿಟಿಗಳ ಕೆಲಸ ಇನ್ನೂ ಸರಳ. ಜುಮಾದ ಖುತ್ಬಾದಲ್ಲಿ ವರ್ಷಕ್ಕೆ ಎರಡು ಸಲವಾದರೂ ಮದ್ಯದ ಪಾಪದ ಜೊತೆ ಮದ್ಯದ ಕಾಯಿಲೆಯ ಬಗ್ಗೆಯೂ ಮಾತಾಡಲಿ. ಚಿಕಿತ್ಸೆಗೆ ಹೋಗುವವನ ಮನೆಗೆ ಹದಿನೈದು ದಿನದ ರೇಷನ್ ಬೈತುಲ್‌ಮಾಲಿನಿಂದ ಹೋಗಲಿ. ಚಟ ಚಟ್ಟ ಹತ್ತಿಸುತ್ತದೆಂದು ಗಾದೆಯಂತೆ ಹೇಳುತ್ತಾ ಬಂದಿದ್ದೇವೆ. ಚಟ್ಟ ಹೊರಲು ನಾಲ್ಕು ಜನ ಹೇಗೂ ಬರುತ್ತಾರೆ. ಆ ನಾಲ್ವರಲ್ಲಿ ಒಬ್ಬರು ಮೊದಲೇ ಅವನನ್ನು ಆಸ್ಪತ್ರೆಗೆ ಕರೆದೊಯ್ದಿದ್ದರೆ ಉಳಿದ ಮೂವರು ಬರಬೇಕಾಗುತ್ತಿರಲಿಲ್ಲ.